ಹೊಸ ಪಾಪುವಿಗೆ ಕೈಯಾರೆ ಮಾಡಿದ ಉಡುಗೊರೆ: ಪದೇ ಪದೇ ಕೇಳುವ ಪ್ರಶ್ನೆಗಳು

ಮನೆಯಲ್ಲೋ ಗೆಳತಿಯ ಮನೆಯಲ್ಲೋ ಪಾಪು ಬರಲಿದೆ ಅಂತ ಗೊತ್ತಾದರೆ ಸಾಕು, ನನ್ನ ಕೈ ಸುಮ್ನೆ ಕೂರುವುದಿಲ್ಲ. ಸೂಜಿ ದಾರದ ಡಬ್ಬಿ ಹೊರಗೆ ಬರುತ್ತದೆ. ಇಷ್ಟು ವರ್ಷಗಳಲ್ಲಿ ಹೊಲಿದದ್ದು, ಹೆಣೆದದ್ದು, ಬಿಚ್ಚಿ ಮತ್ತೆ ಹೆಣೆದದ್ದು ಬೇಕಾದಷ್ಟಿದೆ. ಹೊಸದಾಗಿ ಶುರು ಮಾಡುವವರು ಕೇಳುವ ಪ್ರಶ್ನೆಗಳು ಹೆಚ್ಚು ಕಡಿಮೆ ಇವೇ. ಅದಕ್ಕೇ ಉತ್ತರಗಳನ್ನು ಒಂದು ಕಡೆ ಬರೆದಿಟ್ಟಿದ್ದೇನೆ. ಬೇಕಾದ ಪ್ರಶ್ನೆಗೆ ನೇರವಾಗಿ ಹೋಗಿ. ಹೊದಿಕೆ ಮತ್ತು ಗೊಂಬೆಯ ಬಗ್ಗೆ ಇರುವುದನ್ನು ಮಾತ್ರ ಎಲ್ಲರೂ ಓದಿ.

ಇದೇ ಮೊದಲ ಸಲ ಮಾಡುತ್ತಿದ್ದೇನೆ. ಯಾವುದರಿಂದ ಶುರು ಮಾಡಲಿ?

ಹೆಗಲ ಬಟ್ಟೆಯಿಂದ. ಹಾಲು ಕುಡಿಸಿ ತೇಗಿಸುವಾಗ ಹೆಗಲ ಮೇಲೆ ಹಾಕಿಕೊಳ್ಳುತ್ತಾರಲ್ಲ, ಅದು. ನೋಡಲು ಏನೂ ಅಲ್ಲ ಅನಿಸುತ್ತದೆ. ಆದರೆ ಹೆಚ್ಚಿನ ಪಾಪುಗಳು ಮೊದಲ ತಿಂಗಳುಗಳಲ್ಲಿ ಹಾಲು ಕಕ್ಕುತ್ತಲೇ ಇರುತ್ತವೆ. ದಿನಕ್ಕೆ ನಾಲ್ಕೈದು ಬಟ್ಟೆ ಒಗೆಯಲು ಬೀಳುತ್ತವೆ.

ಮೆತ್ತನೆಯ ಹತ್ತಿ ಬಟ್ಟೆಯಲ್ಲಿ 27 ಸೆಂ.ಮೀ. ಅಗಲ, 47 ಸೆಂ.ಮೀ. ಉದ್ದದ ಎರಡು ತುಂಡು ಕತ್ತರಿಸಿ. ಒಳ್ಳೆಯ ಮುಖಗಳು ಒಳಗೆ ಬರುವಂತೆ ಒಂದರ ಮೇಲೊಂದು ಇಡಿ. ಅಂಚಿನಿಂದ 1 ಸೆಂ.ಮೀ. ಬಿಟ್ಟು ಸುತ್ತಲೂ ಹೊಲಿಯಿರಿ. ಒಂದು ಬದಿಯಲ್ಲಿ ನಾಲ್ಕು ಬೆರಳು ತೂರುವಷ್ಟು ಜಾಗ ಹೊಲಿಯದೆ ಬಿಡಿ. ಮೂಲೆಗಳ ತುದಿಯನ್ನು ಹೊಲಿಗೆಗೆ ತಾಗದಂತೆ ಕತ್ತರಿಸಿ, ಬಿಟ್ಟ ಜಾಗದಿಂದ ಇಡೀ ಬಟ್ಟೆಯನ್ನು ತಿರುಗಿಸಿ ಹೊರಗೆ ಎಳೆಯಿರಿ. ಇಸ್ತ್ರಿ ಮಾಡಿ ಅಂಚಿಗೆ ಇನ್ನೊಂದು ಸುತ್ತು ಹೊಲಿಗೆ ಹಾಕಿದರೆ ಆ ಜಾಗವೂ ಮುಚ್ಚಿಕೊಳ್ಳುತ್ತದೆ. ಮಿಷನ್ ಇಲ್ಲದಿದ್ದರೂ ಪರವಾಗಿಲ್ಲ, ಕೈ ಹೊಲಿಗೆಯಲ್ಲಿ ಒಂದು ಸಂಜೆಗೆ ಒಂದು ಮುಗಿಯುತ್ತದೆ. ಕೊಡುವುದಾದರೆ ಆರು ಕೊಡಿ.

ಒಮ್ಮೆ ಗೆಳತಿಯೊಬ್ಬಳ ಪಾಪುವಿಗೆ ಮೂರು ತಿಂಗಳು ಕೂತು ಕಸೂತಿ ಹಾಕಿದ ಹೊದಿಕೆ ಮಾಡಿದ್ದೆ. ಉಳಿದ ಬಟ್ಟೆಯಲ್ಲಿ, ಕೊಡುವ ಹಿಂದಿನ ರಾತ್ರಿ, ನಾಲ್ಕು ಹೆಗಲ ಬಟ್ಟೆ ಹೊಲಿದು ಜೊತೆಗಿಟ್ಟೆ. ವರ್ಷದ ಮೇಲೆ ಅವಳ ಮನೆಗೆ ಹೋದಾಗ ಹೊದಿಕೆ ಕೊಟ್ಟ ಮಡಿಕೆಯಲ್ಲೇ ಬೀರುವಿನಲ್ಲಿತ್ತು. ಹೆಗಲ ಬಟ್ಟೆಗಳು ಒಗೆದು ಒಗೆದು ಎಷ್ಟು ಸವೆದಿದ್ದವೆಂದರೆ, ಹಗ್ಗದ ಮೇಲೆ ಒಣಗಲು ಹಾಕಿದಾಗ ಬಿಸಿಲು ಆಚೆಯಿಂದ ಈಚೆಗೆ ಕಾಣುತ್ತಿತ್ತು. ನನಗೆ ಅವತ್ತು ಆದ ಖುಷಿ ಅಷ್ಟಿಷ್ಟಲ್ಲ. ಆಮೇಲೆ ಏನೇ ಮಾಡಲು ಕೂತರೂ ಮೊದಲು ಕೇಳಿಕೊಳ್ಳುವುದು ಒಂದೇ: ಇದನ್ನು ದಿನಾ ಒಗೆಯಬಹುದಾ?

ಪಾಪು ಇನ್ನೂ ಹುಟ್ಟಿಲ್ಲ. ಅಳತೆ ಹೇಗೆ ಗೊತ್ತಾಗಬೇಕು?

ದಿನ ತುಂಬಿ ಹುಟ್ಟಿದ ಪಾಪುವಿನ ತಲೆಯ ಸುತ್ತಳತೆ ಸುಮಾರು 35 ಸೆಂ.ಮೀ., ಉದ್ದ 50 ಸೆಂ.ಮೀ. ಆಸುಪಾಸು, ಪಾದ 7ರಿಂದ 8 ಸೆಂ.ಮೀ. ಆದರೆ ಈ ಅಳತೆ ನಿಲ್ಲುವುದಿಲ್ಲ. ಐದಾರು ತಿಂಗಳಿಗೆ ತೂಕ ಎರಡರಷ್ಟಾಗುತ್ತದೆ. ವರ್ಷ ತುಂಬುವಾಗ ಉದ್ದ 75 ಸೆಂ.ಮೀ., ತಲೆ 46 ಸೆಂ.ಮೀ. ಹತ್ತಿರ ಬಂದಿರುತ್ತದೆ.

ಹುಟ್ಟಿದ ಮಗುವಿನ ಅಳತೆಯ ಬಟ್ಟೆ ಕೆಲವೇ ವಾರ ಮೈಗಾಗುತ್ತದೆ. ಅದನ್ನೇ ಎಲ್ಲರೂ ತಂದಿರುತ್ತಾರೆ ಬೇರೆ. ಹಾಗಾಗಿ ನಾನು ಆರು ತಿಂಗಳ ಅಳತೆಗೆ ಮಾಡುತ್ತೇನೆ. ಆಗ ಯಾವ ಕಾಲ ಇರುತ್ತದೆ ಅಂತ ಮಾತ್ರ ಲೆಕ್ಕ ಹಾಕಿ. ಸೆಕೆಗಾಲಕ್ಕೆ ಆರು ತಿಂಗಳಾಗುವ ಪಾಪುವಿಗೆ ಉಲ್ಲನ್ ಸ್ವೆಟರ್ ಹೆಣೆದರೆ ಅದು ಒಮ್ಮೆಯೂ ಮೈಗೆ ಹತ್ತುವುದಿಲ್ಲ.

ಯಾವ ಬಟ್ಟೆ, ಯಾವ ನೂಲು ಒಳ್ಳೆಯದು?

ಹೊಲಿಗೆಗೆ ಹತ್ತಿ. ಮಲ್‌ಮಲ್‌ನಂಥ ತೆಳು ಹತ್ತಿ ಒಗೆದಷ್ಟೂ ಮೆತ್ತಗಾಗುತ್ತದೆ. ಹೊಸ ಬಟ್ಟೆಯಾದರೆ ಕತ್ತರಿಸುವ ಮೊದಲೇ ಒಗೆದು ಒಣಗಿಸಿ. ಹತ್ತಿ ಮೊದಲ ಒಗೆತದಲ್ಲಿ ಕುಗ್ಗುತ್ತದೆ. ಹೊಲಿದ ಮೇಲೆ ಕುಗ್ಗಿದರೆ ಅಂಚೆಲ್ಲಾ ಸುಕ್ಕು. ಗಂಜಿ, ಬಣ್ಣ ಬಿಡುವುದು ಇದ್ದರೆ ಅದೂ ಆಗಲೇ ಹೋಗುತ್ತದೆ.

ಹೆಣಿಗೆಗೆ ನೂಲು ಆರಿಸುವಾಗ ಕೈಯನ್ನು ನಂಬಬೇಡಿ, ಕೈ ಒರಟು. ಉಂಡೆಯನ್ನು ಕತ್ತಿನ ಪಕ್ಕ, ಕಿವಿಯ ಕೆಳಗೆ ಐದು ನಿಮಿಷ ಒತ್ತಿ ಹಿಡಿಯಿರಿ. ನಿಮಗೇ ಚುಚ್ಚಿದರೆ ಪಾಪುವಿಗೆ ಇನ್ನೂ ಜಾಸ್ತಿ. ಮೆರಿನೊ ಉಣ್ಣೆ ಮೆತ್ತಗಿರುತ್ತದೆ. ಆದರೆ ಮಾಮೂಲಿ ಉಣ್ಣೆಯನ್ನು ಬಿಸಿ ನೀರಲ್ಲಿ ಉಜ್ಜಿದರೆ ಗಟ್ಟಿ ಕಟ್ಟಿ ಅರ್ಧಕ್ಕೆ ಇಳಿಯುತ್ತದೆ. ವಾಷಿಂಗ್ ಮಿಷನ್‌ಗೆ ಹಾಕಬಹುದು ಅಂತ ಲೇಬಲ್‌ನಲ್ಲಿ ಬರೆದಿದ್ದರೆ ಮಾತ್ರ ತೆಗೆದುಕೊಳ್ಳಿ. ಮೊಹೇರ್, ಅಂಗೋರಾದಂಥ ಕೂದಲು ಉದುರುವ ನೂಲು ಬೇಡವೇ ಬೇಡ, ಅದು ಬಾಯಿ ಮೂಗಿಗೆ ಹೋಗುತ್ತದೆ. ಅಕ್ರಿಲಿಕ್ ಒಗೆಯಲು ಸುಲಭ, ಆದರೆ ಬೆವರು ಹೀರುವುದಿಲ್ಲ.

ಹೊದಿಕೆ, ಪುಟ್ಟ ದಿಂಬು, ತೊಟ್ಟಿಲ ಸುತ್ತ ಕಟ್ಟುವ ಮೆತ್ತೆ, ಇವೆಲ್ಲ ಮಾಡಿಕೊಡಬಹುದಾ?

ಈ ಉತ್ತರ ಕೇಳಿ ತುಂಬ ಜನಕ್ಕೆ ಬೇಜಾರಾಗುತ್ತದೆ. ಆದರೂ ಹೇಳಲೇಬೇಕು. ಮೊದಲ ವರ್ಷ ಪಾಪು ಮಲಗುವ ಜಾಗದಲ್ಲಿ ದಿಂಬು, ಸಡಿಲ ಹೊದಿಕೆ, ಮೆತ್ತನೆ ಗೊಂಬೆ, ಸುತ್ತ ಕಟ್ಟುವ ಮೆತ್ತೆ ಯಾವುದೂ ಇರಬಾರದು. ಅಮೆರಿಕದ ಮಕ್ಕಳ ವೈದ್ಯರ ಸಂಘ 2022ರಲ್ಲಿ ಹೊಸದಾಗಿ ಬರೆದ ಸಲಹೆಯಲ್ಲೂ ಇದೇ ಇದೆ. ಅದೇ ವರ್ಷ ಆ ದೇಶ ಬಂಪರ್‌ಗಳ, ಅಂದರೆ ತೊಟ್ಟಿಲ ಸುತ್ತ ಕಟ್ಟುವ ಮೆತ್ತೆಗಳ ಮಾರಾಟವನ್ನೇ ಕಾನೂನು ಮಾಡಿ ನಿಲ್ಲಿಸಿತು. ಕಾರಣ ಸರಳ. ಮುಖದ ಮೇಲೆ ಬಟ್ಟೆ ಬಿದ್ದರೆ, ಮೂಗು ಮೆತ್ತೆಗೆ ಒತ್ತಿದರೆ, ಎಳೆ ಮಗುವಿಗೆ ಅದನ್ನು ಸರಿಸಿಕೊಳ್ಳುವ ಶಕ್ತಿ ಇರುವುದಿಲ್ಲ.

ದಿಂಬು ಮತ್ತು ಬಂಪರ್ ಪೂರ್ತಿ ಬಿಟ್ಟುಬಿಡಿ. ಹೊದಿಕೆ ಮಾಡಿ, ಆದರೆ ನಿದ್ದೆಗಲ್ಲ. ನೆಲದ ಮೇಲೆ ಹಾಸಿ ಪಾಪುವನ್ನು ಬೋರಲು ಆಡಿಸಲು 1 ಮೀಟರ್ ಚೌಕದ ಹಾಸು ತುಂಬ ಉಪಯೋಗ. ಅದಕ್ಕೆ ಬೇರೆ ಬೇರೆ ತರದ ತುಂಡುಗಳನ್ನು ಸೇರಿಸಿ. ಒಂದು ಕಡೆ ಉಬ್ಬು ಗೆರೆಗಳಿರುವ ಕಾರ್ಡುರಾಯ್ ಬಟ್ಟೆ, ಇನ್ನೊಂದು ಕಡೆ ನುಣುಪು ಹತ್ತಿ, ಮತ್ತೊಂದು ಕಡೆ ಟವೆಲ್ ಬಟ್ಟೆ. ಆರು ತಿಂಗಳ ಪಾಪು ಆ ಗೆರೆಗಳ ಮೇಲೆ ಬೆರಳಾಡಿಸುತ್ತ ಕೂರುವುದನ್ನು ನೋಡಬೇಕು ನೀವು.

ಮಲಗುವಾಗ ಬೆಚ್ಚಗಿರಲು ಏನಾದರೂ ಕೊಡಲೇಬೇಕೆಂದಿದ್ದರೆ ತೋಳಿಲ್ಲದ, ಕೆಳಗೆ ಚೀಲದಂತಿರುವ ಮಲಗುವ ಅಂಗಿ ಹೊಲಿಯಬಹುದು. ಕತ್ತು ಮತ್ತು ಕಂಕುಳು ಸರಿಯಾಗಿ ಕೂರಬೇಕು, ತಲೆ ಒಳಗೆ ಜಾರಬಾರದು. ಕಾಲು ಮಡಚಿ ಅಗಲಿಸಲು ಒಳಗೆ ಧಾರಾಳ ಜಾಗ ಇರಬೇಕು.

ಕುಲಾವಿ ಹೆಣೆಯಬಹುದಲ್ವಾ?

ಧಾರಾಳವಾಗಿ. ಹೆಣಿಗೆ ಹಿಗ್ಗುವುದರಿಂದ ತಲೆಯ ಸುತ್ತಳತೆಗಿಂತ 2–3 ಸೆಂ.ಮೀ. ಚಿಕ್ಕದು ಮಾಡಿ. ಗಲ್ಲಕ್ಕೆ ಕಟ್ಟುವ ಲಾಡಿ, ತುದಿಗೆ ಉಲ್ಲನ್ ಗೊಂಡೆ ಬೇಡ. ಇದು ಹೊರಗೆ ಚಳಿಗೆ ಹೋಗುವಾಗ ಹಾಕಲು. ಮನೆಯೊಳಗೆ ಮಲಗಿರುವಾಗ ಟೋಪಿ ತೆಗೆದಿಡಬೇಕು. ಮೈ ಬಿಸಿ ಜಾಸ್ತಿಯಾದರೆ ಪಾಪು ಅದನ್ನು ತಲೆಯಿಂದಲೇ ಬಿಡಬೇಕು.

ಕೈಗವಸು, ಕಾಲುಚೀಲದಲ್ಲಿ ಏನು ನೋಡಿಕೊಳ್ಳಬೇಕು?

ಒಳಭಾಗ. ಹೊರಗಿನಿಂದ ಎಷ್ಟೇ ಚೆಂದ ಇರಲಿ, ಒಳಗೆ ಸಡಿಲ ದಾರ ಇದ್ದರೆ ಅದು ಪುಟ್ಟ ಬೆರಳಿಗೆ ಸುತ್ತಿಕೊಂಡು ರಕ್ತ ಓಡದಂತೆ ಬಿಗಿಯುತ್ತದೆ. ಪಾಪು ಅಳುತ್ತದೆ, ಯಾಕೆ ಅಂತ ಯಾರಿಗೂ ತಿಳಿಯುವುದಿಲ್ಲ. ಒಂದು ಉದ್ದ ಕೂದಲು ಸಿಕ್ಕಿಕೊಂಡರೂ ಹೀಗೇ ಆಗುತ್ತದೆ. ಆದ್ದರಿಂದ ಬಣ್ಣ ಬದಲಿಸಿ ಹೆಣೆಯುವ ಚಿತ್ತಾರ ಕೈಗವಸಿಗೆ ಬೇಡ, ಅದರ ಒಳಗೆಲ್ಲ ನೂಲು ತೇಲುತ್ತಿರುತ್ತದೆ. ಒಂದೇ ಬಣ್ಣದಲ್ಲಿ ಹೆಣೆದು, ತುದಿಯ ದಾರಗಳನ್ನು ಎರಡು ದಿಕ್ಕಿಗೆ ನೇಯ್ದು ಮುಗಿಸಿ. ಹೊಲಿದ ಬಟ್ಟೆಯದಾದರೆ ಹೊಲಿಗೆಯ ಅಂಚು ಹೊರಗೆ ಬರುವಂತೆ ಹೊಲಿದರೂ ತಪ್ಪಿಲ್ಲ.

ಕ್ರೋಶಾ ಗೊಂಬೆ ಮಾಡುತ್ತಿದ್ದೇನೆ. ಪ್ಲಾಸ್ಟಿಕ್ ಕಣ್ಣು ಹಾಕಬಹುದಾ?

ಬೇಡ. ಹಿಂದೆ ಬಿಲ್ಲೆ ಹಾಕಿ ಬಿಗಿಯುವ ಕಣ್ಣು ತಾನಾಗಿ ಬಿಚ್ಚುವುದಿಲ್ಲ, ನಿಜ. ಆದರೆ ಅದು ಕೂತಿರುವುದು ನೂಲಿನ ಕಣ್ಣಿಯಲ್ಲಿ. ಮಗು ಕಚ್ಚಿ ಎಳೆದರೆ ಕಣ್ಣಿ ಹಿಗ್ಗಿ, ಬಿಲ್ಲೆ ಸಮೇತ ಹೊರಗೆ ಬರುತ್ತದೆ. ಕಣ್ಣು, ಮೂಗು, ಬಾಯಿ ಎಲ್ಲವನ್ನೂ ದಾರದಲ್ಲೇ ಕಸೂತಿ ಹಾಕಿ. ನಿದ್ದೆ ಮಾಡುವಂತೆ ಎರಡು ಬಾಗಿದ ಗೆರೆ ಹಾಕಿದರೂ ಗೊಂಬೆ ಮುದ್ದಾಗಿಯೇ ಕಾಣುತ್ತದೆ.

ಮೂರು ವರ್ಷದೊಳಗಿನ ಮಕ್ಕಳ ಆಟಿಕೆ ಪರೀಕ್ಷಿಸಲು 3.17 ಸೆಂ.ಮೀ. ಅಗಲದ ಒಂದು ಕೊಳವೆ ಬಳಸುತ್ತಾರೆ. ಅದರೊಳಗೆ ಪೂರ್ತಿ ಕೂರುವ ಯಾವುದೇ ತುಂಡು ಗಂಟಲಿಗೆ ಸಿಕ್ಕಿಕೊಳ್ಳಬಹುದು ಅಂತ ಲೆಕ್ಕ. ಟಾಯ್ಲೆಟ್ ಪೇಪರ್ ಸುತ್ತಿ ಬರುವ ರಟ್ಟಿನ ಕೊಳವೆ ಅದಕ್ಕಿಂತ ಸ್ವಲ್ಪ ಅಗಲ. ಮನೆಯಲ್ಲಿ ಅದೇ ಸಾಕು. ಗುಂಡಿ, ಮಣಿ, ಗೆಜ್ಜೆ, ಏನೇ ಆಗಲಿ ಅದರೊಳಗೆ ತೂರಿದರೆ ಗೊಂಬೆಗೆ ಬೇಡ. ಅಯಸ್ಕಾಂತ ಮತ್ತು ಗುಂಡಿಯಂಥ ಪುಟ್ಟ ಬ್ಯಾಟರಿ ಇರುವ ಯಾವುದನ್ನೂ ಹತ್ತಿರಕ್ಕೇ ತರಬೇಡಿ. ನುಂಗಿದರೆ ಹೊಟ್ಟೆಯೊಳಗೆ ದೊಡ್ಡ ಗಾಯ ಮಾಡುತ್ತವೆ.

ನೂಲಿಗೆ ಹೇಳಿದ್ದಕ್ಕಿಂತ ಒಂದು ಅಳತೆ ಚಿಕ್ಕ ಕಡ್ಡಿ ಹಿಡಿಯಿರಿ. ಹೆಣಿಗೆ ಒತ್ತಾಗಿ ಬಂದು ಒಳಗಿನ ಹತ್ತಿ ಇಣುಕುವುದಿಲ್ಲ. ಕೈ, ಕಾಲು, ಕಿವಿ ಜೋಡಿಸಿದ ಮೇಲೆ ಒಂದೊಂದನ್ನೂ ಹಿಡಿದು ಜೋರಾಗಿ ಎಳೆದು ನೋಡಿ. ನೀವು ಎಳೆಯಲು ಹೆದರಿದರೆ ಇನ್ನೊಂದು ಸುತ್ತು ಹೊಲಿಗೆ ಬೇಕು ಅಂತಲೇ ಅರ್ಥ.

ಗಿಲಕಿಯೊಳಗೆ ಏನು ತುಂಬುವುದು?

ಕಾಳು ತುಂಬಬೇಡಿ. ಒದ್ದೆಯಾದರೆ ಬೂಸ್ಟು ಹಿಡಿಯುತ್ತದೆ, ಹೊಲಿಗೆ ಬಿಚ್ಚಿದರೆ ನೇರ ಬಾಯಿಗೆ. ಕರಕುಶಲ ಸಾಮಾನಿನ ಜೊತೆ ಸಿಗುವ, ಪೂರ್ತಿ ಮುಚ್ಚಿದ, ರಟ್ಟಿನ ಕೊಳವೆಯಲ್ಲಿ ತೂರದಷ್ಟು ದೊಡ್ಡ ಗಿಲಕಿ ಡಬ್ಬಿ ತಂದು, ಸುತ್ತ ಹತ್ತಿ ತುಂಬಿ ಹೊಲಿಯಿರಿ. ಹಿಡಿಕೆ ನಿಮ್ಮ ಕಿರುಬೆರಳಿನಷ್ಟು ದಪ್ಪ ಇದ್ದರೆ ಪಾಪುವಿನ ಮುಷ್ಟಿಗೆ ಸರಿಹೋಗುತ್ತದೆ.

ಮರದ ಆಟಿಕೆ ಮಾಡಲು ಆಸೆ. ಪಾಲಿಶ್ ಏನು ಹಾಕಲಿ?

ಮೇಪಲ್, ಬೀಚ್‌ನಂಥ, ಎಳೆಗಳು ಒತ್ತಾಗಿರುವ ಗಟ್ಟಿ ಮರ ತೆಗೆದುಕೊಳ್ಳಿ. ಸೀಳುವ ಮರ, ಪ್ಲೈವುಡ್ ಬೇಡ. 120, 180, 240 ನಂಬರಿನ ಸ್ಯಾಂಡ್‌ಪೇಪರ್‌ನಲ್ಲಿ ಕ್ರಮವಾಗಿ ಉಜ್ಜಿ. ಆಮೇಲೆ ಒದ್ದೆ ಬಟ್ಟೆಯಲ್ಲಿ ಒರೆಸಿ ಒಣಗಿಸಿ. ನುಣುಪಾಗಿದ್ದ ಮರದ ಮೇಲೆ ಸಣ್ಣ ಎಳೆಗಳು ಎದ್ದು ನಿಲ್ಲುತ್ತವೆ. ಕೊನೆಯ ನಂಬರಿನಲ್ಲಿ ಇನ್ನೊಮ್ಮೆ ಉಜ್ಜಿದರೆ ಪಾಪು ಚೀಪಿದರೂ ಮರ ಒರಟಾಗುವುದಿಲ್ಲ. ಈ ಒಂದು ಹೆಜ್ಜೆಯನ್ನು ತುಂಬ ಜನ ಬಿಟ್ಟುಬಿಡುತ್ತಾರೆ.

ಮೇಲೆ ಜೇನುಮೇಣ ಹಚ್ಚಿದರೆ ಸಾಕು. ಎಣ್ಣೆ ಹಚ್ಚುವುದಾದರೆ ತಿನ್ನಲು ಬರುವ ಅಗಸೆ ಎಣ್ಣೆ. ಪೇಂಟ್ ಅಂಗಡಿಯಲ್ಲಿ ಸಿಗುವ ಕುದಿಸಿದ ಅಗಸೆ ಎಣ್ಣೆಗೆ ಬೇಗ ಒಣಗಲೆಂದು ಲೋಹದ ರಾಸಾಯನಿಕ ಸೇರಿಸಿರುತ್ತಾರೆ, ಅದು ಬೇಡ. ಅಗಸೆ ಎಣ್ಣೆ ಒರೆಸಿದ ಬಟ್ಟೆಯನ್ನು ಮುದುಡಿ ಮೂಲೆಗೆ ಎಸೆಯಬೇಡಿ. ಅದು ತಾನಾಗಿ ಬಿಸಿಯಾಗಿ ಹೊತ್ತಿಕೊಳ್ಳಬಹುದು. ಹೊರಗೆ ಅಗಲವಾಗಿ ಹರಡಿ ಒಣಗಿಸಿ.

ತೊಟ್ಟಿಲ ಮೇಲೆ ತೂಗುವ ಗೊಂಬೆಗಳು ಹೇಗಿರಬೇಕು?

ಮಾಡಿದ ಮೇಲೆ ಅದನ್ನು ತೂಗುಹಾಕಿ, ನೀವೇ ಕೆಳಗೆ ಅಂಗಾತ ಮಲಗಿ ನೋಡಿ. ನಾನು ಮೊದಲ ಸಲ ಹೀಗೆ ಮಲಗಿದಾಗ, ಎರಡು ವಾರ ಕೂತು ಮಾಡಿದ ಐದು ಆನೆಗಳ ಹೊಟ್ಟೆ ಮತ್ತು ಪಾದ ಮಾತ್ರ ಕಂಡವು. ಸೊಂಡಿಲು, ಕಿವಿ, ನಗುವ ಕಣ್ಣು ಎಲ್ಲವೂ ಬಾಗಿಲಲ್ಲಿ ನಿಂತು ನೋಡುವ ದೊಡ್ಡವರ ಪಾಲಾಗಿದ್ದವು. ದಾರ ಬಿಚ್ಚಿ, ಪ್ರತಿ ಆನೆಯನ್ನೂ ಮುಖ ಕೆಳಗೆ ಬರುವಂತೆ ಬೆನ್ನಿನಿಂದ ಕಟ್ಟಿದೆ. ಪಕ್ಕದಿಂದ ನೋಡಿದರೆ ವಿಚಿತ್ರ, ಪಾಪುವಿಗೆ ಸರಿಯಾಗಿತ್ತು.

ಹುಟ್ಟಿದ ಪಾಪುವಿಗೆ 20ರಿಂದ 30 ಸೆಂ.ಮೀ. ದೂರದ್ದು ಚೆನ್ನಾಗಿ ಕಾಣುತ್ತದೆ. ಎದೆಗೆ ಒರಗಿದ ಕೂಸಿಗೂ ತಾಯಿಯ ಮುಖಕ್ಕೂ ಇರುವಷ್ಟೇ ದೂರ ಅದು. ತಿಳಿ ಗುಲಾಬಿ, ತಿಳಿ ನೀಲಿ ಅದಕ್ಕೆ ಮಸುಕು. ಕಪ್ಪು ಬಿಳುಪಿನ ದಪ್ಪ ಗೆರೆ, ದೊಡ್ಡ ವೃತ್ತ ಎದ್ದು ಕಾಣುತ್ತದೆ. ಬಣ್ಣಗಳು ನಿಧಾನವಾಗಿ, ನಾಲ್ಕೈದು ತಿಂಗಳ ಹೊತ್ತಿಗೆ ಚೆನ್ನಾಗಿ ತಿಳಿಯುತ್ತವೆ. ಹಾಗಾಗಿ ಮೊದಲ ತಿಂಗಳಿಗೆ ಅಂಗೈ ಅಗಲದ ದಪ್ಪ ಬಿಳಿ ರಟ್ಟಿನ ಮೇಲೆ ಕಪ್ಪು ಪಟ್ಟೆ, ಚೌಕ, ಸುರುಳಿ ಬರೆದ ಎಂಟು ಹತ್ತು ಕಾರ್ಡು ಮಾಡಿಕೊಡಿ. ಅರ್ಧ ಗಂಟೆಯ ಕೆಲಸ. ಪಾಪು ಎಚ್ಚರವಾಗಿ ಸುಮ್ನೆ ಇರುವಾಗ ಕಣ್ಣೆದುರು ಹಿಡಿದರೆ ನೆಟ್ಟ ನೋಟದಲ್ಲಿ ನೋಡುತ್ತದೆ.

ತೂಗುಗೊಂಬೆ ಕೈಗೆ ಎಟುಕದ ಎತ್ತರದಲ್ಲಿರಲಿ. ಪಾಪು ಕೈ ಮೊಣಕಾಲೂರಿ ಏಳಲು ಕಲಿತ ದಿನ, ಇಲ್ಲವೇ ಐದು ತಿಂಗಳಾದಾಗ, ಯಾವುದು ಮೊದಲೋ ಆಗ ಬಿಚ್ಚಿಡಬೇಕು.

ಹಲ್ಲು ಬರುವಾಗ ಕಚ್ಚಲು ಮಣಿಸರ ಮಾಡಿಕೊಡಲೇ?

ಪಾಪುವಿನ ಕತ್ತಿಗೆ ಯಾವ ಸರವೂ ಬೇಡ. ಅಂಬರ್ ಮಣಿಯ ಸರ ಹಾಕಿಕೊಂಡು ಮಲಗಿದ್ದ 18 ತಿಂಗಳ ಮಗುವೊಂದು ಕತ್ತು ಬಿಗಿದು ತೀರಿಹೋದ ಮೇಲೆ, 2018ರಲ್ಲಿ ಅಮೆರಿಕದ ಆಹಾರ ಮತ್ತು ಔಷಧ ಇಲಾಖೆ ಇಂಥ ಸರಗಳ ಬಗ್ಗೆ ಎಚ್ಚರಿಕೆ ಕೊಟ್ಟಿತು. ಇಡಿಯಾದ ಒಂದೇ ಮರದ ಬಳೆ ಕೊಡಿ, ಕಚ್ಚಲು ಅದು ಸಾಕು. ಜೊಲ್ಲುಬಟ್ಟೆಗೂ ಇದೇ ಮಾತು. ಲಾಡಿ ಕಟ್ಟುವ ಬದಲು ಎಳೆದರೆ ಬಿಡುವ ಟಿಚ್ ಬಟನ್ ಅಥವಾ ವೆಲ್ಕ್ರೋ ಹಾಕಿ, ಮಲಗಿಸುವಾಗ ತೆಗೆಯಿರಿ.

ಕೈಕಾಲಿನ ಅಚ್ಚು ತೆಗೆಯಲು ಹೋದರೆ ಪಾಪು ಮುಷ್ಟಿ ಬಿಡುವುದೇ ಇಲ್ಲ!

ಬಿಡುವುದಿಲ್ಲ. ಅಂಗೈಗೆ ಏನು ತಾಗಿದರೂ ಗಟ್ಟಿಯಾಗಿ ಹಿಡಿಯುವುದು ಹುಟ್ಟಿದ ಮಗುವಿನ ಸ್ವಭಾವ. ಮೊದಲ ತಿಂಗಳುಗಳಲ್ಲಿ ಪಾದದ ಅಚ್ಚು ತೆಗೆಯಿರಿ. ಹಾಲು ಕುಡಿದು ಗಾಢವಾಗಿ ನಿದ್ದೆ ಹೋದಾಗ, ಪಾಪುವಿನ ಕಾಲನ್ನು ಕಾಗದಕ್ಕೆ ಒತ್ತುವ ಬದಲು, ರಟ್ಟಿಗೆ ಅಂಟಿಸಿದ ಕಾಗದವನ್ನು ಪಾದಕ್ಕೆ ಒತ್ತಿ. ಹಿಮ್ಮಡಿಯಿಂದ ಶುರು ಮಾಡಿ ಬೆರಳ ಕಡೆಗೆ ಬನ್ನಿ. ಒತ್ತಿ ತೆಗೆದುಬಿಡಬೇಕು, ಜಾರಿಸಬಾರದು. ಅಂಗಾಲು ಸವರಿದರೆ ಬೆರಳುಗಳು ಅಗಲವಾಗಿ ಮೇಲಕ್ಕೇಳುತ್ತವೆ. ನೀರಲ್ಲಿ ಹೋಗುವ, ಮಕ್ಕಳಿಗೆಂದೇ ಮಾಡಿದ ಬಣ್ಣ ಬಳಸಿ.

ಹಿಟ್ಟಿನ ಅಚ್ಚಿಗೆ 2 ಲೋಟ ಮೈದಾ, 1 ಲೋಟ ಉಪ್ಪು, ಸುಮಾರು 1 ಲೋಟ ನೀರು. ಗಟ್ಟಿಯಾಗಿ ನಾದಿ 1 ಸೆಂ.ಮೀ. ದಪ್ಪ ಲಟ್ಟಿಸಿ. ಅಚ್ಚು ಒತ್ತಿ, 100 ಡಿಗ್ರಿ ಸೆಲ್ಸಿಯಸ್ ಓವನ್‌ನಲ್ಲಿ ಮೂರು ಗಂಟೆ ಒಣಗಿಸಿ. ಮನೆಯಲ್ಲಿ ನಾಯಿ ಇದ್ದರೆ ಎತ್ತರದಲ್ಲಿಡಿ, ಅಷ್ಟು ಉಪ್ಪು ಅದಕ್ಕೆ ವಿಷ.

ನೆನಪಿನ ಪುಸ್ತಕಕ್ಕೆ ಸ್ಕ್ಯಾನಿಂಗ್ ಚಿತ್ರ ಅಂಟಿಸಬಹುದಾ?

ಮೂಲ ಚಿತ್ರವನ್ನು ಅಂಟಿಸಬೇಡಿ, ಬಿಸಿ ಲ್ಯಾಮಿನೇಶನ್ ಅಂತೂ ಮಾಡಿಸಲೇಬೇಡಿ. ಅದು ಶಾಖಕ್ಕೆ ಬಣ್ಣ ಬದಲಿಸುವ ಕಾಗದ, ಬಿಲ್ ಚೀಟಿಯ ಹಾಗೆ. ಲ್ಯಾಮಿನೇಶನ್ ಮಿಷನ್‌ನೊಳಗೆ ಹೋಗಿ ಪೂರ್ತಿ ಕಪ್ಪಾಗಿ ಹೊರಗೆ ಬರುತ್ತದೆ. ಬೆಳಕಿಗೆ ಇಟ್ಟರೆ ವರ್ಷಗಳಲ್ಲಿ ಮಾಸುತ್ತದೆ. ಸಿಕ್ಕ ದಿನವೇ ಫೋಟೋ ತೆಗೆದು, ಒಳ್ಳೆಯ ಕಾಗದದಲ್ಲಿ ಪ್ರಿಂಟ್ ಹಾಕಿಸಿ ಅದನ್ನು ಅಂಟಿಸಿ. ಮೂಲವನ್ನು ಲಕೋಟೆಯಲ್ಲಿ ಹಾಕಿ ಕತ್ತಲಲ್ಲಿಡಿ.

ಮನೆಯಲ್ಲಿ ನಾಲ್ಕು ವರ್ಷದ ದೊಡ್ಡ ಮಗು ಇದೆ. ಅದಕ್ಕೂ ಕೆಲಸ ಕೊಡಬಹುದಾ?

ಕೊಡಲೇಬೇಕು. ಕಪ್ಪು ಬಿಳುಪಿನ ಕಾರ್ಡು ಬರೆಯುವುದನ್ನು ಅದಕ್ಕೇ ಬಿಟ್ಟುಬಿಡಿ. ಗೆರೆ ಸೊಟ್ಟಗಾದರೆ ಆಗಲಿ, ತಿದ್ದಬೇಡಿ. ತಾನು ಬರೆದದ್ದನ್ನು ತಮ್ಮನೋ ತಂಗಿಯೋ ಕಣ್ಣು ಬಿಟ್ಟು ನೋಡುತ್ತಿದ್ದರೆ ದೊಡ್ಡದರ ಮುಖ ಅರಳುತ್ತದೆ. ಆ ಮಗುವಿಗೂ ಒಂದು ಪುಟ್ಟ ಉಡುಗೊರೆ ಮಾಡಿಡಿ. ಬಂದವರೆಲ್ಲ ತೊಟ್ಟಿಲ ಕಡೆಗೇ ಓಡುತ್ತಾರೆ, ಪಾಪ ಅದು ಬಾಗಿಲಲ್ಲೇ ನಿಂತಿರುತ್ತದೆ.

ನಾನೇ ಬಾಣಂತಿ. ಪಾಪು ಮಲಗಿದಾಗ ಹೆಣೆಯಲೇ?

ಮೊದಲು ನೀವೂ ಮಲಗಿ. ನಿದ್ದೆ ಆಗಿದ್ದರೆ, ಮನಸ್ಸಿಗೆ ಹಿತ ಅನಿಸಿದರೆ ಮಾತ್ರ ಕೈಗೆತ್ತಿಕೊಳ್ಳಿ. ಎಣಿಕೆ ಇಲ್ಲದ, ಎಲ್ಲಿ ಬೇಕಾದರೂ ನಿಲ್ಲಿಸಬಹುದಾದ ಕೆಲಸ ಆರಿಸಿ. ಕ್ರೋಶಾ ಆದರೆ ಒಂದೇ ಕಣ್ಣಿ ಬಿಚ್ಚುತ್ತದೆ, ಎರಡು ಕಡ್ಡಿಯ ಹೆಣಿಗೆ ಸಾಲಿಗೆ ಸಾಲೇ ಜಾರುತ್ತದೆ.

ಮತ್ತೆ, ಸೂಜಿ ಎಣಿಸಿ. ನನ್ನ ಮಗಳು ಎರಡು ತಿಂಗಳಿದ್ದಾಗ, ಹೊಲಿಯುತ್ತಿದ್ದವಳು ಅವಳ ಅಳು ಕೇಳಿ ಎದ್ದು ಹೋದೆ. ವಾಪಸ್ ಬಂದಾಗ ಸೂಜಿ ಇಲ್ಲ. ಹಾಸಿಗೆ ಕೊಡವಿದೆವು, ಅವಳ ಬಟ್ಟೆಯೆಲ್ಲ ಬಿಚ್ಚಿ ಒಂದೊಂದು ಹೊಲಿಗೆಯನ್ನೂ ಬೆರಳಲ್ಲಿ ಸವರಿದೆ. ಕೊನೆಗೆ ಸಿಕ್ಕಿದ್ದು ನನ್ನದೇ ಅಂಗಿಯ ಭುಜದಲ್ಲಿ, ಅವಳು ಕೆನ್ನೆ ಒರಗಿಸಿ ಮಲಗುವ ಜಾಗದಲ್ಲಿ. ಅವತ್ತಿನಿಂದ ಡಬ್ಬಿಯಲ್ಲಿ ಐದೇ ಸೂಜಿ, ಹತ್ತೇ ಗುಂಡುಸೂಜಿ. ಏಳುವ ಮೊದಲು ಎಣಿಸಿಯೇ ಏಳುತ್ತೇನೆ.

ತಾಯಿಗೆ ಏನು ಮಾಡಿಕೊಡಬಹುದು?

ಮುಂದೆ ತೆರೆಯುವ, ಮೆತ್ತನೆಯ ಹತ್ತಿಯ ಮನೆ ಅಂಗಿ. ಜೇಬು ಇರಲೇಬೇಕು, ಫೋನೂ ಕರ್ಚೀಫೂ ಹಿಡಿಸುವಷ್ಟು ದೊಡ್ಡದು. ಹೊಲಿಗೆ ಬಾರದಿದ್ದರೆ ಕಾಗದದಲ್ಲಿ ಚೀಟಿ ಮಾಡಿ: ಒಂದು ಮಧ್ಯಾಹ್ನ ಪಾಪುವನ್ನು ನೋಡಿಕೊಳ್ಳುತ್ತೇನೆ, ಒಂದು ಮೂಟೆ ಬಟ್ಟೆ ಒಗೆದು ಮಡಚುತ್ತೇನೆ, ಒಂದು ರಾತ್ರಿಯ ಅಡುಗೆ ನನ್ನದು. ಆದರೆ ಅವಳಾಗಿ ಕೇಳಲಿ ಅಂತ ಕಾಯಬೇಡಿ. ಯಾವ ದಿನ ಬರಲಿ ಅಂತ ನೀವೇ ಕೇಳಿ.

ಪಾಪು ದಿನ ತುಂಬುವ ಮೊದಲೇ ಹುಟ್ಟಿ ಆಸ್ಪತ್ರೆಯಲ್ಲಿದೆ. ಏನಾದರೂ ಕಳಿಸಬಹುದಾ?

ಅಲ್ಲಿನ ನರ್ಸ್‌ಗಳನ್ನು ಕೇಳಿಯೇ ಕಳಿಸಿ. 2013ರಲ್ಲಿ ಡೆನ್ಮಾರ್ಕ್‌ನಲ್ಲಿ ಇಂಥ ಮಕ್ಕಳಿಗೆ ಕ್ರೋಶಾ ಆಕ್ಟೋಪಸ್ ಮಾಡಿಕೊಡುವುದು ಶುರುವಾಗಿ ಎಷ್ಟೋ ದೇಶಗಳಿಗೆ ಹಬ್ಬಿತು. ಪಾಪು ಟ್ಯೂಬ್ ಎಳೆಯುವ ಬದಲು ಆಕ್ಟೋಪಸ್ಸಿನ ಕಾಲು ಹಿಡಿದುಕೊಳ್ಳಲಿ ಅಂತ. ಅದಕ್ಕೂ ನಿಯಮಗಳಿವೆ. ನೂರಕ್ಕೆ ನೂರು ಹತ್ತಿ ನೂಲು, ಎಳೆದಾಗಲೂ ಕಾಲು 22 ಸೆಂ.ಮೀ. ಮೀರಬಾರದು, 60 ಡಿಗ್ರಿ ನೀರಲ್ಲಿ ಒಗೆದಿರಬೇಕು. ಕೆಲವು ಆಸ್ಪತ್ರೆಗಳು ಒಪ್ಪುತ್ತವೆ, ಕೆಲವು ಒಪ್ಪುವುದಿಲ್ಲ. ಒಪ್ಪದಿದ್ದರೆ ಒತ್ತಾಯ ಮಾಡಬೇಡಿ.

ಮಗು ಉಳಿಯಲಿಲ್ಲ. ಅರ್ಧ ಹೆಣೆದದ್ದು ನನ್ನ ಹತ್ತಿರವೇ ಇದೆ.

ಬಿಚ್ಚಬೇಡಿ, ಬೇರೆ ಮಗುವಿಗೆ ಅಂತ ಮುಗಿಸಲೂ ಬೇಡಿ. ಸದ್ಯಕ್ಕೆ ಹಾಗೇ ಎತ್ತಿಡಿ. ಕೆಲವು ವಾರ ಕಳೆದ ಮೇಲೆ, ಪಾಪುವಿಗಾಗಿ ಇದನ್ನು ಮಾಡುತ್ತಿದ್ದೆ, ನಿನಗೆ ಬೇಕಾ ಅಂತ ತಾಯಿಯನ್ನು ಮೆತ್ತಗೆ ಕೇಳಿ. ಬೇಡ ಅಂದರೆ ಅಲ್ಲಿಗೇ ಬಿಡಿ. ಬೇಕು ಅಂದರೆ ಹೇಗಿದೆಯೋ ಹಾಗೇ, ಕಡ್ಡಿಯಿಂದ ಬಿಡಿಸಿ, ಕಣ್ಣಿ ಜಾರದಂತೆ ಕೊನೆಗೆ ದಾರ ಪೋಣಿಸಿ ಕೊಡಿ.

ಕೊಡುವ ಮುಂಚೆ ಏನೆಲ್ಲ ನೋಡಬೇಕು?

ಒಗೆಯಿರಿ, ಸುವಾಸನೆ ಇಲ್ಲದ ಸೋಪಿನಲ್ಲಿ. ಒಗೆದ ಮೇಲೆ ಮತ್ತೆ ಎಲ್ಲ ಹೊಲಿಗೆ ಎಳೆದು ನೋಡಿ. ಬಿಚ್ಚುವುದಿದ್ದರೆ ನಿಮ್ಮ ಕೈಯಲ್ಲೇ ಬಿಚ್ಚಲಿ. ಒಂದು ಚೀಟಿಯಲ್ಲಿ ಯಾವ ಬಟ್ಟೆ, ಹೇಗೆ ಒಗೆಯಬೇಕು, ಎಷ್ಟು ತಿಂಗಳ ಅಳತೆ ಅಂತ ಬರೆದಿಡಿ. ಗುಂಡುಸೂಜಿಯಲ್ಲಿ ಚುಚ್ಚಬೇಡಿ.

ಹಾಸು ಹೊದಿಕೆ ಮುಗಿಯಲೇ ಇಲ್ಲ, ಪಾಪು ಬಂದೇಬಿಟ್ಟಿತು. ಈಗ ಏನು ಮಾಡಲಿ?

ಹೆಗಲ ಬಟ್ಟೆ ಹೊಲಿದು ಈಗ ಕೊಡಿ. ಹೊದಿಕೆಯನ್ನು ನಿಧಾನವಾಗಿ ಮಾಡುತ್ತಿರಿ. ಹೇಗೂ ಮೊದಲ ವರ್ಷ ಅದನ್ನು ಹೊದ್ದು ಮಲಗುವಂತಿಲ್ಲ. ವರ್ಷ ತುಂಬಿದ ಮೇಲೆ ಕೊಟ್ಟರೆ ಮಗು ಅದನ್ನು ತಾನೇ ಎಳೆದುಕೊಂಡು ಮಲಗುತ್ತದೆ, ಮನೆಯೆಲ್ಲ ನೆಲದ ಮೇಲೆ ಎಳೆದಾಡುತ್ತದೆ. ಅಳತೆ ಮಾತ್ರ ಈಗಲೇ ಸ್ವಲ್ಪ ಜಾಸ್ತಿ ಹಿಡಿಯಿರಿ. 1 ಮೀಟರ್ ಅಗಲ, 1.2 ಮೀಟರ್ ಉದ್ದ ಇದ್ದರೆ ನಾಲ್ಕು ವರ್ಷದವರೆಗೂ ಬರುತ್ತದೆ.